ಉಬ್ಬಸಕ್ಕೆ ಔಷಧ: ಬಿಡದೆ ಬಳಸುವ ಬಗೆ

ಚಳಿಗಾಲ ಕಾಲಿಟ್ಟಿತೆಂದರೆ ಉಬ್ಬಸದ ರೋಗಿಗಳ ಸಂಕಟ ಹೆಚ್ಚುತ್ತದೆ. ನಮ್ಮ ಬಳಿಗೆ ಬರುವವರಲ್ಲಿ ಹಲವರು ಕೇಳುವ ಪ್ರಶ್ನೆಯೊಂದೇ: “ಆಯುರ್ವೇದದ ಔಷಧ ಆರಂಭಿಸಿದ್ದೇವಲ್ಲ, ಇನ್ನು ಇನ್‌ಹೇಲರ್ ಬಿಡಬಹುದೇ?” ತಾವಾಗಿಯೇ ಬಿಡಬಾರದು ಎಂಬುದು ನಮ್ಮ ಉತ್ತರ. ಇದಕ್ಕೆ ಆಯುರ್ವೇದದಲ್ಲಿಯೇ ಆಧಾರವಿದೆ.

ಹೊಸದಾಗಿ ತಲೆದೋರಿದ್ದಲ್ಲದಿದ್ದರೆ ತಮಕಶ್ವಾಸವು ‘ಯಾಪ್ಯ’ವೆಂದು ಚರಕ ಸಂಹಿತೆ ಹೇಳುತ್ತದೆ. ಯಾಪ್ಯವೆಂದರೆ ಬೇರುಸಹಿತ ಹೋಗದಿದ್ದರೂ ಚಿಕಿತ್ಸೆ ನಡೆಯುವವರೆಗೆ ಹತೋಟಿಯಲ್ಲಿರುವ ವ್ಯಾಧಿ. ಬೀಳಲಿರುವ ಮನೆಯನ್ನು ಆಸರೆಯ ಕಂಬ ಹಿಡಿದು ನಿಲ್ಲಿಸುವಂತೆ ಚಿಕಿತ್ಸೆಯು ಇಂತಹ ರೋಗಿಯನ್ನು ಕಾಯುತ್ತದೆಂದು ಸುಶ್ರುತ ಸಂಹಿತೆ ವಿವರಿಸುತ್ತದೆ. ಮನೆ ನಿಂತಿದೆಯೆಂದು ಕಂಬವನ್ನು ಕಿತ್ತುಹಾಕುವವರುಂಟೇ?

ಅಸ್ತಮಾದ ಇನ್‌ಹೇಲರ್ ಔಷಧಗಳಲ್ಲಿ ಮುಖ್ಯವಾಗಿ ಎರಡು ಬಗೆ. ಸಾಲ್ಬುಟಮಾಲ್ ಬಿಗಿದ ಶ್ವಾಸನಾಳಗಳನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ. ಅದರ ಪ್ರಭಾವ 4ರಿಂದ 6 ಗಂಟೆ ಮಾತ್ರ. ಬುಡೆಸೊನೈಡ್‌ನಂತಹ ಔಷಧವು ನಾಳಗಳ ಒಳಗಿನ ಊತವನ್ನು ಇಳಿಸುತ್ತದೆ. ಅದರ ಫಲ ಕಾಣಲು ದಿನಗಳು, ವಾರಗಳು ಬೇಕು. ತಕ್ಷಣ ಸುಖ ನೀಡುವುದನ್ನು ಇಟ್ಟುಕೊಂಡು ನಿತ್ಯ ಕಾಯುವುದನ್ನು ಬಿಟ್ಟುಬಿಡುವುದೇ ಜನರಲ್ಲಿ ಕಾಣುವ ದೊಡ್ಡ ತಪ್ಪು. ವಾರದಲ್ಲಿ ಎರಡಕ್ಕಿಂತ ಹೆಚ್ಚು ಸಲ ಸಾಲ್ಬುಟಮಾಲ್ ಬೇಕಾದರೆ ಅಸ್ತಮಾ ಹತೋಟಿಯಲ್ಲಿಲ್ಲವೆಂದು ತಿಳಿಯಬೇಕು. ಬೀಡಿ ಅಥವಾ ಸೌದೆಯೊಲೆಯ ಹೊಗೆಯಿಂದ ಶ್ವಾಸಕೋಶ ಕೆಟ್ಟವರಿಗೆ ಟಯೋಟ್ರೋಪಿಯಂನಂತಹ, ನಾಳಗಳನ್ನು ದಿನವಿಡೀ ತೆರೆದಿಡುವ ಔಷಧ ಬೇಕಾಗಬಹುದು.

ಇನ್‌ಹೇಲರ್ ಚಟವಾಗುತ್ತದೆಂಬ ಅಂಜಿಕೆ ಸಲ್ಲದು. ಸಾಲ್ಬುಟಮಾಲ್‌ನ ಒಂದು ಪಫ್‌ನಲ್ಲಿರುವುದು 100 ಮೈಕ್ರೋಗ್ರಾಂ. 4 ಮಿಲಿಗ್ರಾಂ ಮಾತ್ರೆಯ 40ನೆಯ ಒಂದು ಭಾಗ. ನೇರವಾಗಿ ಶ್ವಾಸಕೋಶವನ್ನು ಸೇರುವುದರಿಂದ ಅಷ್ಟು ಅಲ್ಪ ಪ್ರಮಾಣವೇ ಕೆಲಸ ಮಾಡುತ್ತದೆ.

ಬಳಸುವ ಕ್ರಮ ಮುಖ್ಯ. ಪಫ್ ಇನ್‌ಹೇಲರನ್ನು ಚೆನ್ನಾಗಿ ಅಲುಗಾಡಿಸಿ, ಉಸಿರನ್ನು ಪೂರ್ತಿ ಹೊರಬಿಟ್ಟು, ತುಟಿಗಳಿಂದ ಬಿಗಿಹಿಡಿದು, ನಿಧಾನವಾಗಿ ಉಸಿರೆಳೆಯಲು ಆರಂಭಿಸುತ್ತಿದ್ದಂತೆ ಒತ್ತಬೇಕು. ಎಳೆದ ಉಸಿರನ್ನು 10 ಸೆಕೆಂಡು ಹಿಡಿದಿಡಬೇಕು. ಪುಡಿಯ ಇನ್‌ಹೇಲರ್ ಆದರೆ ಜೋರಾಗಿ, ವೇಗವಾಗಿ ಎಳೆಯಬೇಕು. ಪಫ್ ಒತ್ತುವುದಕ್ಕೂ ಉಸಿರೆಳೆಯುವುದಕ್ಕೂ ಹೊಂದಿಕೆ ಬಾರದ ವೃದ್ಧರು, ಮಕ್ಕಳು ಸ್ಪೇಸರ್ ಬಳಸಲಿ. ಬುಡೆಸೊನೈಡ್ ಬಳಸಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳದಿದ್ದರೆ ಬಾಯಲ್ಲಿ ಬಿಳಿ ಅಗ್ರು ಕಟ್ಟಬಹುದು. ಆದುದರಿಂದ ಮುಂಜಾನೆ ಹಲ್ಲುಜ್ಜುವ ಮುನ್ನವೇ ಇದನ್ನು ಮುಗಿಸಿ, ಸ್ನಾನ, ಇಷ್ಟಲಿಂಗ ಪೂಜೆಗಳಿಗೆ ಅಣಿಯಾಗುವುದು ಒಳ್ಳೆಯ ರೂಢಿ. ಧೂಪ, ಊದುಬತ್ತಿಗಳ ಹೊಗೆ ಮಾತ್ರ ದೂರವಿರಲಿ.

ಕಷಾಯ, ಆಸವಗಳನ್ನು ಸೇವಿಸುವವರು ಇಬ್ಬರು ವೈದ್ಯರಿಗೂ ಅದನ್ನು ತಿಳಿಸಬೇಕು. ಕನಕಾಸವದಲ್ಲಿ ಉಮ್ಮತ್ತಿ ಇರುವುದರಿಂದ ವೈದ್ಯರನ್ನು ಕೇಳದೆ ಕೊಂಡು ಕುಡಿಯಬಾರದು. ಒಂದು ಮಾತನ್ನು ಪೂರ್ತಿ ಆಡಲಾಗದಷ್ಟು ಏದುಸಿರು ಬಂದರೆ, ತುಟಿ ನೀಲಿಗಟ್ಟಿದರೆ, ಪಫ್‌ನಿಂದ ಶಮನವಾಗದಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ 108ಕ್ಕೆ ಕರೆ ಮಾಡಬೇಕು.

ಔಷಧದ ಪ್ರಮಾಣವನ್ನು ತಗ್ಗಿಸುವ ನಿರ್ಧಾರ ವೈದ್ಯರದು. ತಪ್ಪದೆ ಬಳಸುವುದು ರೋಗಿಯ ನಿತ್ಯ ಕಾಯಕ.