ನಿಂತ ವಾಹನದ ಗಣಿತ

ಓಡುವ ವಾಹನದ ವಿಚಾರವಾಗಿ ನಾವು ಶಾಲೆಯಲ್ಲಿ ಬಹಳಷ್ಟನ್ನು ಕಲಿಯುತ್ತೇವೆ. ವೇಗ, ವೇಗೋತ್ಕರ್ಷ, ಘರ್ಷಣೆ ಇವೆಲ್ಲಕ್ಕೂ ಸೂತ್ರಗಳುಂಟು. ನಿಂತ ವಾಹನದಲ್ಲಿ ಕಲಿಯತಕ್ಕದ್ದು ಏನೂ ಇಲ್ಲವೆಂದು ಭಾವಿಸುತ್ತೇವೆ. ಆದರೆ ದಿನಕ್ಕೆ ಒಂದು ಗಂಟೆ ಓಡುವ ಕಾರು ಉಳಿದ 23 ಗಂಟೆಗಳ ಕಾಲ ಎಲ್ಲಿಯಾದರೂ ನಿಂತಿರಲೇಬೇಕಷ್ಟೆ. ಸಂಜೆಯ ಹೊತ್ತು ಮಂಡ್ಯದ ಪೇಟೆಬೀದಿಗೆ ಸಾಮಾನು ಕೊಳ್ಳಲು ಹೋದವರಿಗೆ ಈ ಮಾತಿನ ಅರ್ಥವನ್ನು ವಿವರಿಸಬೇಕಾಗಿಲ್ಲ.

ಇಂತಹ ಬೀದಿಯನ್ನು ಕಂಡೊಡನೆ ಹೊರಡುವ ಮೊದಲ ಮಾತು, "ಜಾಗ ಸಾಲದು" ಎಂಬುದು. ಎರಡನೆಯ ಮಾತು, "ಯಾವುದಾದರೂ ಹಳೆಯ ಕಟ್ಟಡವನ್ನು ಕೆಡವಿ ನಿಲುಗಡೆಯ ತಾಣ ಮಾಡಿರಿ" ಎಂಬುದು. ಕೆಡವಿದ ಕಟ್ಟಡ ಮತ್ತೆ ಬಾರದು. ಆದಕಾರಣ ಮೊದಲ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಲೆಕ್ಕಹಾಕಿ ನೋಡುವುದು ಒಳ್ಳೆಯದು.

ಅಮೆರಿಕದ ಜಾನ್ ಲಿಟ್ಲ್ ಎಂಬ ವಿದ್ವಾಂಸರು 1961ರಲ್ಲಿ ಒಂದು ಸರಳ ನಿಯಮವನ್ನು ಗಣಿತದಿಂದ ಸಾಧಿಸಿ ತೋರಿಸಿದರು. ಒಂದು ಸ್ಥಳದಲ್ಲಿ ಸರಾಸರಿ ಎಷ್ಟು ಮಂದಿ ಇರುವರೆಂಬುದು, ಗಂಟೆಗೆ ಎಷ್ಟು ಮಂದಿ ಬರುವರು ಮತ್ತು ಒಬ್ಬೊಬ್ಬರು ಎಷ್ಟು ಹೊತ್ತು ಇರುವರು ಎಂಬ ಎರಡು ಸಂಖ್ಯೆಗಳ ಗುಣಲಬ್ಧವೇ ಆಗಿರುವುದು. ಬ್ಯಾಂಕಿನ ಸಾಲಿಗೂ ಆಸ್ಪತ್ರೆಯ ಹಾಸಿಗೆಗೂ ಸಲ್ಲುವ ಈ ನಿಯಮ ನಿಂತ ಕಾರಿಗೂ ಸಲ್ಲುತ್ತದೆ. ಗಂಟೆಗೆ 60 ಕಾರುಗಳು ಬಂದು ತಲಾ ಅರ್ಧ ಗಂಟೆ ನಿಂತರೆ 30 ಸ್ಥಾನಗಳು ಬೇಕು. ಅದೇ 60 ಕಾರುಗಳು ಎರಡೆರಡು ಗಂಟೆ ನಿಂತರೆ 120 ಬೇಕು. ಬಂದವರ ಸಂಖ್ಯೆ ಒಂದಿಷ್ಟೂ ಹೆಚ್ಚಲಿಲ್ಲ. ಬೀದಿ ಮಾತ್ರ ನಾಲ್ಕರಷ್ಟಾಗಬೇಕಾಯಿತು!

ಈಗ 30 ಸ್ಥಾನಗಳಿರುವ ಒಂದು ಪೇಟೆಬೀದಿಯನ್ನು ಕಲ್ಪಿಸಿಕೊಳ್ಳೋಣ. ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ ಎಂಟು ಗಂಟೆಗಳ ವ್ಯಾಪಾರ. ಅಂಗಡಿಯ ಯಜಮಾನರು ಹತ್ತು ಮಂದಿ ತಮ್ಮ ತಮ್ಮ ಕಾರುಗಳನ್ನು ತಮ್ಮ ಅಂಗಡಿಯ ಮುಂದೆಯೇ ಬೆಳಗಿನಿಂದ ಸಂಜೆಯವರೆಗೆ ನಿಲ್ಲಿಸುತ್ತಾರೆ. ಅರ್ಧ ಗಂಟೆಗೊಬ್ಬ ಗಿರಾಕಿಯಂತೆ ಒಂದು ಸ್ಥಾನದಲ್ಲಿ ದಿನಕ್ಕೆ 16 ಕಾರುಗಳು ಬಂದುಹೋಗಬಹುದಾಗಿತ್ತು. ಯಜಮಾನರ ಒಂದೊಂದು ಕಾರೂ 16 ಗಿರಾಕಿಗಳ ಜಾಗವನ್ನು ಆಕ್ರಮಿಸಿತು; ಹತ್ತು ಕಾರುಗಳಿಂದ ನಷ್ಟವಾದುದು 160 ಗಿರಾಕಿಗಳು. "ಬೀದಿಯಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲದೆ ವ್ಯಾಪಾರ ಬಿತ್ತು" ಎಂದು ದೂರುವವರಲ್ಲಿ ಈ ಹತ್ತು ಮಂದಿಯೂ ಇರುವರೆಂಬುದೇ ವಿನೋದ.

ಜಾಗ ಹುಡುಕುವ ಶ್ರಮವೂ ಒಂದು ವಿಚಿತ್ರ ನಿಯಮಕ್ಕೆ ಒಳಪಟ್ಟಿದೆ. ಸ್ಥಾನಗಳು ಹೇಗೆಂದರೆ ಹಾಗೆ ಭರ್ತಿಯಾಗಿರುವುವೆಂದು ಇಟ್ಟುಕೊಂಡರೆ, ನೂರಕ್ಕೆ 85 ತುಂಬಿದ್ದಾಗ ಸರಾಸರಿ ಏಳನೆಯ ಸ್ಥಾನದೊಳಗೆ ಬಿಡುವು ಸಿಕ್ಕುತ್ತದೆ. ನೂರಕ್ಕೆ 95 ತುಂಬಿದಾಗ ಇಪ್ಪತ್ತು ಸ್ಥಾನಗಳನ್ನು ನೋಡಬೇಕು; 99 ತುಂಬಿದಾಗ ನೂರನ್ನು. ಕೊನೆಯ ಕೆಲವು ಕಾರುಗಳೇ ಬೀದಿಯನ್ನು ಕೆಡಿಸುವುವು. ನಿಲ್ಲಲು ಬಂದವರು ಸುತ್ತು ಹಾಕತೊಡಗಿದರೆ ಸುಮ್ಮನೆ ಹಾದುಹೋಗುವವರಿಗೂ ದಾರಿಯಿಲ್ಲದಂತಾಗುವುದು. ಅಮೆರಿಕದ ಒಕ್ಲಹೋಮ ನಗರದಲ್ಲಿ 1935ರ ಜುಲೈ ತಿಂಗಳಲ್ಲಿ ಜಗತ್ತಿನ ಮೊದಲ ನಿಲುಗಡೆ ಮೀಟರನ್ನು ನೆಟ್ಟು ಗಂಟೆಗೆ ಐದು ಸೆಂಟು ವಸೂಲು ಮಾಡಿದುದರ ಉದ್ದೇಶವೂ ಇಡೀ ದಿನ ನಿಲ್ಲುವವರನ್ನು ಪೇಟೆಯಿಂದ ಆಚೆಗೆ ಕಳುಹಿಸುವುದೇ ಆಗಿತ್ತು. ಡೊನಾಲ್ಡ್ ಶೂಪ್ ಎಂಬ ಪ್ರಾಧ್ಯಾಪಕರು ಇದೇ ವಿಷಯವನ್ನು ಜೀವನವಿಡೀ ಅಭ್ಯಸಿಸಿ, ಪ್ರತಿ ಬೀದಿಯಲ್ಲಿಯೂ ಒಂದೆರಡು ಸ್ಥಾನಗಳು ಸದಾ ಖಾಲಿಯಿರುವಷ್ಟು ಶುಲ್ಕವಿರಬೇಕೆಂದು ವಾದಿಸಿದರು.

ಹಾಗಾದರೆ ಇಡೀ ದಿನ ನಿಲ್ಲುವ ವಾಹನಗಳು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ಮಂಡ್ಯ ಮತ್ತು ಮದ್ದೂರುಗಳಲ್ಲಿ ಈಚೆಗೆ ಒಂದು ಅನಿರೀಕ್ಷಿತ ಅವಕಾಶ ಒದಗಿದೆ. 118 ಕಿಲೋಮೀಟರ್ ಉದ್ದದ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾಯಿತು. ಅದು ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಈ ಐದು ಕಡೆ ಊರನ್ನು ಬಿಟ್ಟು ಹೊರಗಿನಿಂದ ಹಾದುಹೋಗುತ್ತದೆ. ಪ್ರಯಾಣದ ಕಾಲ ಉಳಿಯಿತು. ಆದರೆ ಹಳೆಯ ರಸ್ತೆಯ ಇಕ್ಕೆಲಗಳಲ್ಲಿ ದಾರಿಹೋಕರನ್ನೇ ನಂಬಿದ್ದ ಹೋಟೆಲುಗಳ ವ್ಯಾಪಾರ ಕುಗ್ಗಿತು, ಕೆಲವು ಬಾಗಿಲು ಹಾಕಿದುವು. ಬದುಕು ಕಳೆದುಕೊಂಡವರ ಪಾಲಿಗೆ ಇದು ಸಣ್ಣ ಸಂಗತಿಯಲ್ಲ. ಆ ಕಟ್ಟಡಗಳಿಂದ ಊರಿಗೆ ಇನ್ನೇನು ಪ್ರಯೋಜನವಾದೀತೆಂದು ವಿಚಾರಿಸುವುದು ಅದಕ್ಕಾಗಿಯೇ ಅಗತ್ಯ.

ಖಾಲಿ ಕಟ್ಟಡದೊಳಗೆ ಕಾರು ನಿಲ್ಲಿಸಬಹುದೆ? ಕಾರಿನ ಭಾರವನ್ನು ನೆಲ ತಾಳೀತೆ ಎಂಬ ಸಂದೇಹ ಮೊದಲು ಏಳುವುದು ಸಹಜ. ಲೆಕ್ಕ ನಮ್ಮನ್ನು ಚಕಿತಗೊಳಿಸುತ್ತದೆ. ಒಂದು ಟನ್ ತೂಕದ ಕಾರಿಗೆ ಐದು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ, ಅಂದರೆ 12.5 ಚದರ ಮೀಟರ್ ಸ್ಥಳವನ್ನು ಕೊಡುತ್ತಾರೆ. ಚದರ ಮೀಟರಿಗೆ ಬೀಳುವ ಭಾರ ಕೇವಲ 80 ಕಿಲೋಗ್ರಾಂ. ಮದುವೆಯ ಛತ್ರದಲ್ಲಿ ಎರಡನೆಯ ಪಂಕ್ತಿಗಾಗಿ ಬಾಗಿಲ ಬಳಿ ಒತ್ತಿ ನಿಂತವರು ಚದರ ಮೀಟರಿಗೆ ನಾಲ್ವರಂತೆ ಇದ್ದರೂ, ತಲಾ 60 ಕಿಲೋಗ್ರಾಂ ಎಂದರೆ, 240 ಕಿಲೋಗ್ರಾಂ ಆಗುತ್ತದೆ! ಊಟಕ್ಕೆ ಕಾದವರ ಗುಂಪು ಕಾರಿಗಿಂತ ಮೂರರಷ್ಟು ಭಾರ. ಆದರೆ ಜನರ ಭಾರ ಹರಡಿರುತ್ತದೆ. ಕಾರಿನ ಒಂದೊಂದು ಚಕ್ರವು ಸುಮಾರು 250 ಕಿಲೋಗ್ರಾಂಗಳನ್ನು ಅಂಗೈಯಗಲದ ಜಾಗದ ಮೇಲೆ ಹೇರುವುದರಿಂದ ಹಳೆಯ ಗಾರೆಯ ನೆಲ ಅಲ್ಲಲ್ಲಿ ಬಿರಿಯಬಹುದು. ಇದಕ್ಕಿಂತ ದೊಡ್ಡ ಅಡ್ಡಿ ಕಂಬಗಳದು. ಮೂರು ಮೂರೂವರೆ ಮೀಟರಿಗೊಂದು ಕಂಬವಿರುವ ಕಟ್ಟಡದಲ್ಲಿ ಕಾರು ಹೊರಳಲು ಆಗುವುದಿಲ್ಲ. ಮೇಲಂತಸ್ತಿಗೆ ಏರಿಸಲು ಇಳಿಜಾರು ಕಟ್ಟಿದರೆ ಅದೇ ಅರ್ಧ ಜಾಗವನ್ನು ನುಂಗುವುದು.

ಕಾರನ್ನು ಬಿಟ್ಟು ಬೈಕನ್ನು ಯೋಚಿಸಿದರೆ ಚಿತ್ರವೇ ಬದಲಾಗುತ್ತದೆ. ಒಂದು ಕಾರಿನ ಸ್ಥಾನದ ಐದು ಮೀಟರ್ ಉದ್ದಕ್ಕೆ, ಎಂಬತ್ತು ಸೆಂಟಿಮೀಟರಿಗೊಂದರಂತೆ, ಆರು ಬೈಕುಗಳನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಬಹುದು. ಅವಕ್ಕೆ ಕಂಬಗಳ ತೊಡಕಿಲ್ಲ. ಹಿಂದೆ ಊಟದ ಮೇಜುಗಳಿದ್ದ ನೆಲಮಟ್ಟದ ಹಜಾರವೇ ಸಾಕು. ಕಾರುಗಳಿಗೋ, ಹೋಟೆಲಿನ ಮುಂದಿನ ವಿಶಾಲವಾದ ಅಂಗಳವೇ ಇದೆ. ಅದು ಮೊದಲಿನಿಂದಲೂ ಕಾರು ನಿಲ್ಲಲೆಂದೇ ಬಿಟ್ಟ ಜಾಗವಲ್ಲವೆ?

ಇಡೀ ದಿನ ನಿಲ್ಲುವವರಲ್ಲಿ ರೈಲಿನಲ್ಲಿ ಬೆಂಗಳೂರಿಗೋ ಮೈಸೂರಿಗೋ ಕೆಲಸಕ್ಕೆ ಹೋಗಿ ಬರುವವರೂ ಇದ್ದಾರೆ. ಮಂಡ್ಯಕ್ಕೂ ಮದ್ದೂರಿಗೂ ರೈಲುಂಟು, ಮಳವಳ್ಳಿಗೆ ಇಲ್ಲ. ಮಳವಳ್ಳಿಯ ಕಡೆಯವರು ರೈಲು ಹತ್ತಬೇಕಾದರೆ ಮದ್ದೂರಿಗೋ ಮಂಡ್ಯಕ್ಕೋ ಬರಬೇಕು. ಬೆಳಗಿನ ಬಸ್ಸು ರೈಲಿನ ವೇಳೆಗೆ ಹೊಂದಿದರೆ ಬಸ್ಸು, ಇಲ್ಲವಾದರೆ ಸ್ವಂತ ಬೈಕು. ಆ ಬೈಕು ಮಾಲೀಕನು ಹಿಂದಿರುಗುವವರೆಗೆ ಹತ್ತು ಹನ್ನೆರಡು ಗಂಟೆ ಅಲ್ಲಿಯೇ ನಿಲ್ಲುತ್ತದೆ. ಲಿಟ್ಲರ ನಿಯಮದಂತೆ ಇಂತಹ 50 ಬೈಕುಗಳಿಗೆ 50 ಸ್ಥಾನಗಳೇ ಬೇಕು, ಹಂಚಿಕೊಳ್ಳುವಂತಿಲ್ಲ. ಬಸ್ಸಿನ ವೇಳೆಯನ್ನು ಕಾಲು ಗಂಟೆ ಸರಿಸಿದರೆ ಒಂದು ಇಟ್ಟಿಗೆಯನ್ನೂ ಇಡದೆ ಆ 50 ಸ್ಥಾನಗಳಲ್ಲಿ ಹಲವನ್ನು ಉಳಿಸಬಹುದೆಂದು ನಮಗೆ ತೋರುತ್ತದೆ.

ರೈಲಿನ ವೇಳೆಯನ್ನು ನಂಬುವಂತಾದುದರ ಹಿಂದೆಯೂ ಒಂದು ಕಟ್ಟಡದ ಕಥೆಯಿದೆ. ಒಂಟಿ ಹಳಿಯಿದ್ದಾಗ ಎದುರಿನ ಗಾಡಿಗಾಗಿ ನಿಲ್ದಾಣದಲ್ಲಿ ಕಾಯಬೇಕಾಗಿತ್ತು. ಜೋಡಿಹಳಿಯ ಕೆಲಸಕ್ಕೆ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನ ಕಾಲದ ಮದ್ದಿನಮನೆಯೊಂದು ಅಡ್ಡವಾಗಿತ್ತು. ಅದನ್ನು ಕೆಡವಲಿಲ್ಲ. 2017ರಲ್ಲಿ ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು ಉಕ್ಕಿನ ತೊಲೆಗಳ ಮೇಲೆ ಜಾಕುಗಳಿಂದ ಎತ್ತಿ, ಸುಮಾರು ನೂರು ಮೀಟರ್ ದೂರಕ್ಕೆ ಇಡಿಯಾಗಿ ಸರಿಸಿದರು.

ಇನ್ನು ವಿದ್ಯಾರ್ಥಿಗಳು ಮಾಡಬಹುದಾದ ಒಂದು ಪ್ರಯೋಗವನ್ನು ಹೇಳುತ್ತೇವೆ. ನಿಮ್ಮ ಊರಿನ ಪೇಟೆಯಲ್ಲಿ ಐವತ್ತು ಹೆಜ್ಜೆಗಳಷ್ಟು ಬೀದಿಯನ್ನು ಆರಿಸಿಕೊಂಡು, ಅರ್ಧ ಗಂಟೆಗೊಮ್ಮೆ ನಡೆದು, ನಿಂತ ವಾಹನಗಳ ನೋಂದಣಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ಬರೆದುಕೊಳ್ಳಿ. ಒಂದೇ ಸಂಖ್ಯೆ ಎಷ್ಟು ಬಾರಿ ಮರಳಿ ಬಂದಿತೆಂಬುದರಿಂದ ಸರಾಸರಿ ನಿಲುಗಡೆಯ ಕಾಲ ತಿಳಿಯುವುದು. ಸಂತೆಯ ದಿನವೊಂದು, ಸಂತೆಯಿಲ್ಲದ ದಿನವೊಂದು, ಹೀಗೆ ಎರಡು ದಿನವಾದರೂ ಮಾಡಬೇಕು. ಬೆಳಿಗ್ಗೆ ಅಂಗಡಿಗಳು ತೆರೆಯುವ ಮೊದಲೇ ಆರಂಭಿಸುವುದನ್ನು ಮರೆಯಬೇಡಿ. ಅತ್ಯಂತ ದೀರ್ಘಕಾಲ ನಿಲ್ಲುವ ವಾಹನಗಳು ಆಗಲೇ ಬಂದು ನಿಂತಿರುತ್ತವೆ.