ಸವೆದ ಬೆರಳು ಮತ್ತು ಯಂತ್ರದ ತೀರ್ಪು

ಇಳಕಲ್ಲಿನ ಕೆಂಪು ಗ್ರಾನೈಟು, ಅಲ್ಲಿಯ ಕೈಮಗ್ಗದ ಸೀರೆ, ಬಾದಾಮಿಯ ಮರಳುಗಲ್ಲು, ಹುನಗುಂದದ ಎರೆಭೂಮಿಯ ಬಿಳಿಜೋಳ ಇವೆಲ್ಲವೂ ಬಾಗಲಕೋಟೆ ಜಿಲ್ಲೆಯ ಜನರ ಕೈದುಡಿಮೆಯ ಫಲಗಳು. ಆದರೆ ದುಡಿದು ಸವೆದ ಕೈಯೇ ನ್ಯಾಯಬೆಲೆ ಅಂಗಡಿಯ ಬೆರಳಚ್ಚು ಯಂತ್ರದ ಮುಂದೆ ಸೋಲುವುದುಂಟು. ಬೆರಳನ್ನು ಒರೆಸಿ ಒರೆಸಿ ಒತ್ತಿದರೂ ‘ಹೊಂದಿಕೆಯಾಗಲಿಲ್ಲ’ ಎಂಬ ಉತ್ತರವೇ ಬರುತ್ತದೆ. ಪಡಿತರದ ಅಕ್ಕಿಯನ್ನೇ ನೆಚ್ಚಿದ ಮನೆಗೆ ಇದು ಸಣ್ಣ ತೊಂದರೆಯಲ್ಲ. ಇದಕ್ಕೆ ಕಾರಣವೇನೆಂಬುದನ್ನು ವಿಚಾರಿಸೋಣ.

ಬೆರಳ ತುದಿಯ ಚರ್ಮದಲ್ಲಿ ಉತ್ತ ಹೊಲದ ಸಾಲುಗಳಂತೆ ಏರುಗೆರೆಗಳಿವೆ. ಶಿಶುವು ಗರ್ಭದಲ್ಲಿರುವಾಗ, ಮೂರನೆಯ ತಿಂಗಳ ಸುಮಾರಿಗೆ, ಇವು ರೂಪುಗೊಳ್ಳತೊಡಗುತ್ತವೆ. ಗೆರೆಯು ಮುಗಿಯುವ ಹಾಗೂ ಕವಲೊಡೆಯುವ ಬಿಂದುಗಳ ವಿನ್ಯಾಸವು ಬೆರಳಿನಿಂದ ಬೆರಳಿಗೆ ಬೇರೆಯಾಗಿರುತ್ತದೆ. ಈ ಗುಣವನ್ನು ಅವಲಂಬಿಸಿ 1897ರಲ್ಲಿಯೇ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿಯೊಂದು ಸ್ಥಾಪಿತವಾಯಿತು. ಇಂದಿನ ಯಂತ್ರವೂ ಆ ಬಿಂದುಗಳನ್ನೇ ಹುಡುಕಿ, ಹಿಂದೆ ದಾಖಲಾದ ಅಚ್ಚಿನೊಡನೆ ಹೋಲಿಸುತ್ತದೆ.

ಗೆರೆಗಳ ಬೇರು ಇರುವುದು ಹೊರಚರ್ಮವು ಒಳಚರ್ಮವನ್ನು ಕೂಡುವ ಎಡೆಯಲ್ಲಿ. ಕಲ್ಲಿನ ಪುಡಿ, ಸಿಮೆಂಟು, ಹಗ್ಗ, ಕುಡುಗೋಲು ಮೊದಲಾದವು ಮೇಲ್ಪದರವನ್ನು ಸವೆಸುತ್ತವೆ. ಕೈಗೆ ಕೆಲವು ವಾರಗಳ ಬಿಡುವು ದೊರೆತರೆ ಅದೇ ವಿನ್ಯಾಸವು ಮರಳಿ ಮೂಡುತ್ತದೆ. ದಿನಗೂಲಿಯವರಿಗಾದರೋ ಅಂತಹ ಬಿಡುವು ಎಲ್ಲಿಯದು? ವಯಸ್ಸಾದಂತೆ ಚರ್ಮವು ಒಣಗಿ ಸಡಿಲವಾಗುವುದರಿಂದ ಅಚ್ಚು ಇನ್ನಷ್ಟು ಮಸುಕಾಗುತ್ತದೆ.

ಇಲ್ಲಿ ಮುಖ್ಯವಾದ ಅಂಶವೊಂದಿದೆ. ಒಂದೇ ಬೆರಳಿನ ಎರಡು ಅಚ್ಚುಗಳು ಎಂದಿಗೂ ತದ್ವತ್ತಾಗಿರುವುದಿಲ್ಲ. ಆದ್ದರಿಂದ ಯಂತ್ರವು ಹೋಲಿಕೆಗೆ ಅಂಕವನ್ನು ಕೊಟ್ಟು, ಅದು ಗೊತ್ತುಪಡಿಸಿದ ಮಿತಿಯನ್ನು ದಾಟಿದರೆ ಮಾತ್ರ ‘ಹೌದು’ ಎನ್ನುತ್ತದೆ. ಜೋಳವನ್ನು ಹಸನುಮಾಡುವ ಜರಡಿಯನ್ನು ನೆನೆಯಿರಿ. ಕಣ್ಣು ಕಿರಿದಾದರೆ ಕಲ್ಲಿನೊಡನೆ ಒಳ್ಳೆಯ ಕಾಳೂ ಮೇಲೆಯೇ ಉಳಿಯುತ್ತದೆ. ಕಣ್ಣು ಹಿರಿದಾದರೆ ಕಾಳಿನೊಡನೆ ಕಲ್ಲೂ ಇಳಿಯುತ್ತದೆ. ಹಾಗೆಯೇ ಮಿತಿಯನ್ನು ಏರಿಸಿದರೆ ನಿಜವಾದ ಹಕ್ಕುದಾರನು ಹೊರಗುಳಿಯುವ ಸಂಭವ ಹೆಚ್ಚು. ಇಳಿಸಿದರೆ ಅನ್ಯನು ಒಳನುಗ್ಗುವ ಸಂಭವ ಹೆಚ್ಚು. ಒಂದೇ ಜರಡಿಯಿಂದ ಎರಡು ದೋಷಗಳನ್ನೂ ಪೂರ್ತಿ ನಿವಾರಿಸಲಾಗದು. ಜರಡಿಯ ಕಣ್ಣನ್ನು ಅಳೆದವರು ಮನುಷ್ಯರೇ ಹೊರತು ಯಂತ್ರವಲ್ಲ.

ಆದುದರಿಂದ ಯಂತ್ರದ ‘ಇಲ್ಲ’ ಎಂಬ ಉತ್ತರಕ್ಕೆ ‘ಈತನು ಸುಳ್ಳುಗಾರ’ ಎಂಬ ಅರ್ಥವಿಲ್ಲ. ‘ಹೋಲಿಕೆಯ ಅಂಕವು ಮಿತಿಯನ್ನು ದಾಟಲಿಲ್ಲ’ ಎಂಬುದಷ್ಟೇ ಅದರ ಅರ್ಥ. ಬೆರಳಚ್ಚು ಹೊಂದದಿದ್ದಲ್ಲಿ ಬೇರೆ ವಿಧಾನದಿಂದ ಗುರುತು ಪರೀಕ್ಷಿಸಿ ಪಡಿತರವನ್ನು ಕೊಡಬೇಕೆಂದು ಆಧಾರ್ ಪ್ರಾಧಿಕಾರವೇ 2017ರ ಅಕ್ಟೋಬರಿನಲ್ಲಿ ಸೂಚಿಸಿತು. ಕಣ್ಣಿನ ಪಾಪೆಯ ಪರೀಕ್ಷೆ, ಮೊಬೈಲಿಗೆ ಬರುವ ಗುಪ್ತಸಂಖ್ಯೆ ಇವು ಅಂತಹ ವಿಧಾನಗಳು.

ವಿದ್ಯಾರ್ಥಿಗಳು ಇದನ್ನು ಪರೀಕ್ಷಿಸಿ ನೋಡಬಹುದು. ಕಾಗದದ ಮೇಲೆ ಪೆನ್ಸಿಲಿನ ಸೀಸವನ್ನು ದಟ್ಟವಾಗಿ ತಿಕ್ಕಿ, ಅದಕ್ಕೆ ಬೆರಳನ್ನು ಒತ್ತಿ, ಪಾರದರ್ಶಕವಾದ ಅಂಟುಪಟ್ಟಿಯಿಂದ ಅಚ್ಚನ್ನು ಎತ್ತಿ ಬಿಳಿಯ ಹಾಳೆಗೆ ಅಂಟಿಸಿರಿ. ನಿಮ್ಮ ಅಚ್ಚನ್ನೂ ಮನೆಯ ಹಿರಿಯರ ಅಚ್ಚನ್ನೂ ಭೂತಗನ್ನಡಿಯಲ್ಲಿ ಹೋಲಿಸಿರಿ. ಯಾರ ಗೆರೆಗಳು ಹೆಚ್ಚು ಸವೆದಿವೆ, ಅವರು ಯಾವ ಕೆಲಸ ಮಾಡುತ್ತಾರೆ ಎಂಬುದನ್ನು ಬರೆದಿಡಿರಿ. ಯಂತ್ರವು ಕೇಳದೆ ಬಿಟ್ಟ ಪ್ರಶ್ನೆಯೇ ಅದು.