ಕುರಿ ಅಡ್ಡ ಬಂದರೆ? ಚಲನ ಶಕ್ತಿಯ ಒಂದು ಪಾಠ

ತರಗತಿ: 9 ವಿಷಯ: ವಿಜ್ಞಾನ ಘಟಕ: ಕೆಲಸ ಮತ್ತು ಶಕ್ತಿ ಸ್ಥಳ: ಬಂಡೂರು

ಪೀಠಿಕೆ: ಸಂಬಂಧಿಕರ ಎಲೆಕ್ಟ್ರಿಕ್ ಎಸ್‌ಯುವಿಯಲ್ಲಿ ಮಳವಳ್ಳಿಗೆ ಹೋಗಿಬಂದ ಅನುಭವ ಹೇಳಿದೆ. ಎಂಜಿನ್ ಸದ್ದಿಲ್ಲ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಮೋಟಾರು ಜನರೇಟರಿನಂತೆ ತಿರುಗಿ, ಚಲನ ಶಕ್ತಿಯ ಒಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ, ಗಾಡಿ ನಿಧಾನವಾಗುತ್ತದೆ. ಕ್ಯಾಮೆರಾ, ರೇಡಾರ್ ನೆರವಿನಿಂದ ತಾನೇ ಬ್ರೇಕ್ ಹಾಕುವ ವ್ಯವಸ್ಥೆಯನ್ನೂ ವಿವರಿಸಿದೆ.

ಪ್ರಶ್ನೆ: ಕುರಿ ಸಾಕುವ ಮನೆಯ ಹುಡುಗನೊಬ್ಬ ಎದ್ದುನಿಂತ. "ನಮ್ ಕುರಿ ಅಡ್ಡ ಬಂದ್ರೂ ನಿಂತ್ಕತದಾ ಸಾ?" "ನಿಲ್ಲುತ್ತೆ" ಎಂದುಬಿಟ್ಟೆ.

ತಿದ್ದುಪಡಿ: ಮರುದಿನ ನನ್ನ ಉತ್ತರ ತಪ್ಪೆಂದು ಒಪ್ಪಿಕೊಂಡೆ. ಇಂಥ ವ್ಯವಸ್ಥೆಗಳನ್ನು ಮುಖ್ಯವಾಗಿ ವಾಹನ, ಜನರನ್ನು ಗುರುತಿಸಲು ರೂಪಿಸಿರುತ್ತಾರೆ. ಕುರಿಯನ್ನು ಗುರುತಿಸದೆಯೂ ಹೋಗಬಹುದು. ಗುರುತಿಸಿದರೂ ಗಾಡಿ ನಿಂತಲ್ಲೇ ನಿಲ್ಲದು. ವೇಗ ಎರಡರಷ್ಟಾದರೆ ಚಲನ ಶಕ್ತಿ ನಾಲ್ಕರಷ್ಟು. ಋಣ ವೇಗೋತ್ಕರ್ಷ 7 ಮೀ/ಸೆ² ಎಂದಿಟ್ಟುಕೊಂಡು ಮಕ್ಕಳೇ ಲೆಕ್ಕ ಹಾಕಿದರು: ಗಂಟೆಗೆ 50 ಕಿ.ಮೀ. ವೇಗದಲ್ಲಿ ಬ್ರೇಕ್ ಬಿದ್ದ ಮೇಲೂ ಗಾಡಿ ಸುಮಾರು 14 ಮೀಟರ್ ಸಾಗುತ್ತದೆ, 100 ಕಿ.ಮೀ. ವೇಗದಲ್ಲಿ 55 ಮೀಟರ್. ಮೈದಾನದಲ್ಲಿ ಟೇಪು ಹಿಡಿದು ಅಳೆದಾಗ ತರಗತಿಯೇ ಸುಮ್ಮನಾಯಿತು.

ನಾನು ಕಲಿತದ್ದು: ಅಂದು "ಗೊತ್ತಿಲ್ಲ, ನೋಡಿ ಹೇಳುತ್ತೇನೆ" ಎನ್ನಬೇಕಿತ್ತು. ಸಂಜೆ ಕುರಿ ಹೊಡೆದುಕೊಂಡು ರಸ್ತೆ ದಾಟುವವರು ಇದೇ ಮಕ್ಕಳು.